ತರಬೇತಿಗೆ ದುಡ್ಡು ಕಟ್ಟುವ ಮೊದಲು: ಆಪ್ತಸಮಾಲೋಚಕರಿಗೆ, ಸೈಕಾಲಜಿ ಓದಿದವರಿಗೆ ಒಂದು ಮಾರ್ಗದರ್ಶಿ

"ಮೇಡಂ, ಎಂಎಸ್‌ಸಿ ಸೈಕಾಲಜಿ ಮುಗಿದು ಎರಡು ವರ್ಷ ಆಯ್ತು. ಒಂದು ಶಾಲೆಯಲ್ಲಿ ಕೌನ್ಸೆಲರ್ ಆಗಿದ್ದೀನಿ. ಮುಂದೆ ಯಾವ ಕೋರ್ಸ್ ಮಾಡಿದ್ರೆ ಒಳ್ಳೇದು?"

ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ಕರ್ನಾಟಕದಲ್ಲಿ ಈಗಾಗಲೇ ಕೆಲಸಕ್ಕಿಳಿದಿರುವ ಆಪ್ತಸಮಾಲೋಚಕರು, ಸೈಕಾಲಜಿ ಅಥವಾ ಎಂಎಸ್‌ಡಬ್ಲ್ಯೂ ಮಾಡಿದವರು, ಮನೋವೈದ್ಯಕೀಯ ವಾರ್ಡಿನ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಮನೋವೈದ್ಯರ ದಾರಿ ಬೇರೆ. ನೀಟ್ ಪಿಜಿ, ಎಂಡಿ, ಡಿಎನ್‌ಬಿ ವಿಷಯ ಇಲ್ಲಿಲ್ಲ.

ನನ್ನ ಅಳತೆಗೋಲು ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ನೀವು ಕೆಲಸ ಮಾಡುವುದನ್ನು ಅನುಭವಸ್ಥರೊಬ್ಬರು ಕಂಡು ಅಥವಾ ಕೇಳಿ ತಿದ್ದುತ್ತಾರೆಯೇ? ತಿದ್ದಿದರೆ ಅದು ತರಬೇತಿ. ಇಲ್ಲವಾದರೆ ಉಪನ್ಯಾಸ. ಉಪನ್ಯಾಸ ಕೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ ತರಬೇತಿಯ ಬೆಲೆ ಕೊಡಬೇಡಿ.

1. ಕಾನೂನಿನ ಪ್ರಕಾರ ನೀವು ಯಾರು ಅನ್ನುವುದನ್ನು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಕಳೆದುಕೊಳ್ಳುವುದು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 "ಮಾನಸಿಕ ಆರೋಗ್ಯ ವೃತ್ತಿಪರರು" ಯಾರೆಂದು ಹೆಸರಿಟ್ಟು ಹೇಳುತ್ತದೆ: ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು, ಮಾನಸಿಕ ಆರೋಗ್ಯ ನರ್ಸ್‌ಗಳು, ಜೊತೆಗೆ ಮನೋರೋಗ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಯುಷ್ ವೈದ್ಯರು. ಆ ಪಟ್ಟಿಯಲ್ಲಿ "ಕೌನ್ಸೆಲರ್" ಇಲ್ಲ. ಬರೀ ಎಂಎ ಅಥವಾ ಎಂಎಸ್‌ಸಿ ಸೈಕಾಲಜಿ ಮಾಡಿದವರೂ ಇಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರು ಹಾಕಿಕೊಳ್ಳಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅದರ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿರಬೇಕು. ಸಿಆರ್‌ಆರ್ ನಂಬರ್ ಅಂತ ಎಲ್ಲರೂ ಹೇಳುವುದು ಇದನ್ನೇ. ನೋಂದಣಿಯಿಲ್ಲದೆ ಬೋರ್ಡ್ ಹಾಕಿಕೊಂಡರೆ 1992ರ ಆರ್‌ಸಿಐ ಕಾಯ್ದೆಯಡಿ ಶಿಕ್ಷೆಯಾಗಬಹುದು.

ಹಾಗಾದರೆ ಉಳಿದ ಸೈಕಾಲಜಿಸ್ಟ್‌ಗಳು, ಕೌನ್ಸೆಲರ್‌ಗಳು ಎಲ್ಲಿಗೆ ಸೇರಿದವರು? ಅವರಿಗಾಗಿ 2021ರಲ್ಲಿ ಇನ್ನೊಂದು ಕಾಯ್ದೆ ಬಂತು. ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಅದರ ಹೆಸರು, ಬಳಕೆಯಲ್ಲಿ ಎನ್‌ಸಿಎಎಚ್‌ಪಿ. ಸೈಕಾಲಜಿಸ್ಟ್, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಎಚ್‌ಐವಿ ಆಪ್ತಸಮಾಲೋಚಕರು, ಮಾನಸಿಕ ಆರೋಗ್ಯ ಸಹಾಯಕರು ಎಲ್ಲರನ್ನೂ ವರ್ತನಾ ಆರೋಗ್ಯ ವಿಜ್ಞಾನ ಎಂಬ ಒಂದೇ ಗುಂಪಿಗೆ ಸೇರಿಸಿದ್ದಾರೆ. ರಾಜ್ಯ ಮಂಡಳಿಗಳ ಮೂಲಕ ನೋಂದಣಿ ಮಾಡುವ ವ್ಯವಸ್ಥೆ ಹಂತಹಂತವಾಗಿ ಬರುತ್ತಿದೆ. ನಾಳೆ ನಿಮ್ಮ ಪದವಿಯನ್ನು ತೂಗುವ ತಕ್ಕಡಿ ಇದೇ ಆಗುವ ಸಾಧ್ಯತೆ ಹೆಚ್ಚು. ಹಾಗಾಗಿ ಈ ಆಯೋಗದ ಜಾಲತಾಣವನ್ನು ತಿಂಗಳಿಗೊಮ್ಮೆ ತೆರೆದು ನೋಡುವ ರೂಢಿ ಮಾಡಿಕೊಳ್ಳಿ.

ಎಡವುವ ಜಾಗ: ವಾರಾಂತ್ಯದ ಕೋರ್ಸ್ ಮಾಡಿ "ಸರ್ಟಿಫೈಡ್ ಸೈಕೋಥೆರಪಿಸ್ಟ್" ಎಂದು ಕಾರ್ಡ್ ಅಚ್ಚು ಹಾಕಿಸುವುದು. ಆ ಕಾಗದ ನಿಮಗೆ ಯಾವ ಹೊಸ ಹಕ್ಕನ್ನೂ ಕೊಡುವುದಿಲ್ಲ.

2. ನಿಮ್ಮ ಕೊನೆಯ ಇಪ್ಪತ್ತು ಜನರ ಪಟ್ಟಿ ಮಾಡಿ

ಕೋರ್ಸ್‌ಗಳ ಜಾಹೀರಾತು ನೋಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈಚೆಗೆ ನಿಮ್ಮ ಹತ್ತಿರ ಬಂದ ಇಪ್ಪತ್ತು ಜನರನ್ನು, ಹೆಸರಿಲ್ಲದೆ, ಒಂದೊಂದು ಸಾಲಿನಲ್ಲಿ ಬರೆಯಿರಿ. ಏನು ತೊಂದರೆ ಅಂತ ಬಂದರು, ಎಷ್ಟು ಸಲ ಬಂದರು, ಯಾಕೆ ಬರುವುದು ನಿಲ್ಲಿಸಿದರು. ಎಲ್ಲಿ ನಿಮಗೆ ಕೈಕಟ್ಟಿದ ಹಾಗಾಯಿತೋ ಆ ಸಾಲಿಗೆ ಒಂದು ಚುಕ್ಕೆ ಇಡಿ.

ಚುಕ್ಕೆಗಳು ಎಲ್ಲಿ ಗುಂಪಾಗಿವೆಯೋ ನಿಮ್ಮ ತರಬೇತಿ ಅಲ್ಲಿದೆ. ಜಿಲ್ಲಾ ಕೇಂದ್ರಗಳಲ್ಲಿ ಕೆಲಸ ಮಾಡುವವರ ಹಾಳೆ ನೋಡಿದಾಗಲೆಲ್ಲ ನನಗೆ ಕಾಣುವುದು ಮೂರೇ: ಕುಡಿತ, ಮನೆಯೊಳಗಿನ ಜಗಳ, ಪರೀಕ್ಷೆ ಮತ್ತು ಮೊಬೈಲ್. ಆದರೆ ಅವರು ಸೇರಬೇಕೆಂದು ಹೊರಟಿದ್ದ ಕೋರ್ಸ್ ಮನಸ್ಸಿಗಾದ ಆಘಾತಕ್ಕೆ (ಟ್ರಾಮಾ) ಕೊಡುವ ಚಿಕಿತ್ಸೆಯದ್ದೋ ಕಲಾ ಚಿಕಿತ್ಸೆಯದ್ದೋ ಆಗಿರುತ್ತದೆ. ಕುಟುಂಬದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದು ಹೇಗೆ, ಅತ್ತೆ ಒಳಗೆ ಬಂದು ಸೊಸೆಯ ಪರವಾಗಿ ತಾನೇ ಉತ್ತರ ಕೊಡತೊಡಗಿದರೆ ಏನು ಮಾಡುವುದು, ಇದನ್ನು ಕಲಿಸುವ ಕೋರ್ಸ್‌ಗೆ ಯಾರೂ ಸೇರುವುದಿಲ್ಲ!

ಹಾಳೆ ಏನೇ ಹೇಳಲಿ, ಒಂದು ಮಾತ್ರ ಎಲ್ಲಕ್ಕಿಂತ ಮೊದಲು ಬರಬೇಕು. ಆತ್ಮಹತ್ಯೆಯ ಅಪಾಯವನ್ನು ಅಳೆಯುವುದು, ಸುರಕ್ಷತಾ ಯೋಜನೆ ಬರೆಯುವುದು ನಿಮಗೆ ಕೈಗೆ ಕೂತಿಲ್ಲದಿದ್ದರೆ ಬೇರೆ ಯಾವ ತರಬೇತಿಯೂ ಬೇಡ, ಇದನ್ನೇ ಮೊದಲು ಮಾಡಿ. ಸುರಕ್ಷತಾ ಯೋಜನೆ ಅಂದರೆ ಅಂಥ ಯೋಚನೆ ಬಂದ ಹೊತ್ತಿಗೆ ಯಾರಿಗೆ ಫೋನ್ ಮಾಡುವುದು, ಎಲ್ಲಿಗೆ ಹೋಗುವುದು, ಮನೆಯಲ್ಲಿರುವ ಕೀಟನಾಶಕವನ್ನು ಯಾರ ಕೈಗೆ ಕೊಡುವುದು ಎಂದು ಬಂದವರ ಜೊತೆ ಕೂತು ಬರೆಯುವ ಒಂದು ಪುಟ. ಮಕ್ಕಳ ಜೊತೆ ಕೆಲಸ ಮಾಡುವವರಾದರೆ ಪೋಕ್ಸೋ ಕಾಯ್ದೆಯ 19ನೇ ಕಲಮನ್ನೂ ಸೇರಿಸಿಕೊಳ್ಳಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಮೇಲೆ ವರದಿ ಮಾಡುವುದು ಕಡ್ಡಾಯ, "ಗೋಪ್ಯತೆ" ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

3. ಪುಕ್ಕಟೆ ಸಿಗುವುದನ್ನು ಮೊದಲು ಮುಗಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಎಂಎಚ್‌ಗ್ಯಾಪ್ ಕೈಪಿಡಿಯನ್ನು ತಜ್ಞರಲ್ಲದ ಆರೋಗ್ಯ ಸಿಬ್ಬಂದಿಗಾಗಿ ಬರೆದಿದ್ದಾರೆ. ಖಿನ್ನತೆ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ), ಮೂರ್ಛೆರೋಗ, ಮರೆವಿನ ರೋಗ, ಮಾದಕ ವ್ಯಸನ, ಆತ್ಮಹತ್ಯೆ ಎಲ್ಲಕ್ಕೂ ಹೆಜ್ಜೆ ಹೆಜ್ಜೆಯ ನಕ್ಷೆ ಇದೆ. 2016ರ ಎರಡನೇ ಆವೃತ್ತಿ ಅಂತರ್ಜಾಲದಲ್ಲಿ ಉಚಿತ. ಅದೇ ಸಂಸ್ಥೆಯ "ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್" ಇನ್ನೂ ಚಿಕ್ಕದು: ತಲಾ 90 ನಿಮಿಷದ 5 ಭೇಟಿ, ಉಸಿರಾಟದಿಂದ ಹಿಡಿದು ಸಮಸ್ಯೆ ಬಿಡಿಸುವವರೆಗೆ. ಹಕ್ಕುಗಳ ವಿಷಯಕ್ಕೆ "ಕ್ವಾಲಿಟಿ ರೈಟ್ಸ್" ಎಂಬ ಉಚಿತ ಆನ್‌ಲೈನ್ ಕೋರ್ಸ್ ಇದೆ, ಮುಗಿಸಿದವರಿಗೆ ಪ್ರಮಾಣಪತ್ರವೂ ಸಿಗುತ್ತದೆ.

ಗೋವಾದ ಸಂಗಾತ್ ಸಂಸ್ಥೆ ಖಿನ್ನತೆಗೆಂದು ರೂಪಿಸಿದ "ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ" ಕೈಪಿಡಿಯನ್ನು ನಾನು ಎಲ್ಲರಿಗೂ ಓದಿಸುತ್ತೇನೆ. ಸೈಕಾಲಜಿ ಓದದ ಸ್ಥಳೀಯ ಆಪ್ತಸಮಾಲೋಚಕರು ಆರೆಂಟು ಭೇಟಿಗಳಲ್ಲಿ ಮಾಡಬಹುದಾದ ಕೆಲಸ ಅದು. ಬಿಹೇವಿಯರಲ್ ಆಕ್ಟಿವೇಷನ್ ಅನ್ನುವ ದೊಡ್ಡ ಹೆಸರಿನ ಹಿಂದಿರುವುದು ಸರಳ ಕೆಲಸವೇ: ಹಾಸಿಗೆ ಹಿಡಿದವರನ್ನು ಒಂದೊಂದೇ ಚಿಕ್ಕ ಚಟುವಟಿಕೆಯ ಮೂಲಕ ದಿನಚರಿಗೆ ಮರಳಿಸುವುದು. ಅದರ ಪರಿಣಾಮವನ್ನು ಅಳೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ನಿಮ್ಹಾನ್ಸ್‌ನಲ್ಲಿ ಡಿಜಿಟಲ್ ಅಕಾಡೆಮಿ ಇದೆ. ವೈದ್ಯರು, ಸೈಕಾಲಜಿಸ್ಟ್‌ಗಳು, ಸಮಾಜ ಕಾರ್ಯಕರ್ತರು, ನರ್ಸ್‌ಗಳಿಗೆ ಸಮುದಾಯ ಮಾನಸಿಕ ಆರೋಗ್ಯದ ಆನ್‌ಲೈನ್ ಡಿಪ್ಲೊಮಾ ನಡೆಸುತ್ತದೆ. ಅಲ್ಲಿಯ ಎಕೋ ಪದ್ಧತಿಯ ಕ್ಲಿನಿಕ್‌ಗಳು ನನಗಂತೂ ಇಷ್ಟ. ನಡುವೆ ತಜ್ಞರ ತಂಡ, ಸುತ್ತ ಬೇರೆ ಬೇರೆ ಊರಿನಿಂದ ವಿಡಿಯೊದಲ್ಲಿ ಸೇರಿಕೊಂಡವರು. ಒಬ್ಬರು ತಮ್ಮ ಕೇಸ್ ಮಂಡಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಶುರು ಮಾಡಿದ ಪದ್ಧತಿ ಇದು. ಸುಮ್ಮನೆ ಕ್ಯಾಮೆರಾ ಆಫ್ ಮಾಡಿಕೊಂಡು ಕೂರಬೇಡಿ. ನಿಮ್ಮ ಕೇಸನ್ನು ಮಂಡಿಸಿದಾಗ ಮಾತ್ರ ಅದರ ನಿಜವಾದ ಲಾಭ.

ಶಾಲೆಯಲ್ಲಿರುವವರು, ಬಾಲಮಂದಿರಗಳಲ್ಲಿರುವವರು ಸಂವಾದ್ ತಂಡದ ತರಬೇತಿಗಳನ್ನು ಗಮನಿಸುತ್ತಿರಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಲ್ಲಿ ನಿಮ್ಹಾನ್ಸ್‌ನಿಂದಲೇ ನಡೆಯುವ ಕೆಲಸ ಅದು.

4. ಪದವಿಗೇ ಸೇರುವುದಾದರೆ

ಇಲ್ಲಿ ಎರಡು ಹೊಂಡಗಳಿವೆ, ಎರಡೂ ಹೊಸವು.

ಮೊದಲನೆಯದು ಎಂಫಿಲ್. ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೂ ಇಷ್ಟು ವರ್ಷ ರಾಜಮಾರ್ಗವಾಗಿದ್ದದ್ದು ಎರಡು ವರ್ಷದ ಪೂರ್ಣಾವಧಿ ಎಂಫಿಲ್. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲದಂಥ ಕಡೆ ಸೀಟಿಗಾಗಿ ಜನ ಮೂರು ಮೂರು ಸಲ ಪ್ರವೇಶ ಪರೀಕ್ಷೆ ಬರೆದಿದ್ದಾರೆ. 2022ರಲ್ಲಿ ಯುಜಿಸಿ ಎಂಫಿಲ್ ಪದವಿಯನ್ನೇ ನಿಲ್ಲಿಸಿತು. ಆಮೇಲೆ ಈ ಎರಡು ವಿಷಯಗಳಿಗೆ ಮಾತ್ರ 2025–26ನೇ ಸಾಲಿನವರೆಗೆ ಮುಂದುವರಿಸಲು ಅವಕಾಶ ಕೊಟ್ಟಿತು. ಹೀಗಾಗಿ ಈಗ ಯಾರಾದರೂ "ಎಂಫಿಲ್ ಸೀಟು ಇದೆ" ಅಂದರೆ, ಯಾವ ಆದೇಶದ ಮೇಲೆ, ಯಾವ ಸಾಲಿಗೆ ಎಂದು ಲಿಖಿತವಾಗಿ ಕೇಳಿ. ಕಾಲೇಜಿನ ಕೌಂಟರಿನಲ್ಲಿ ಹೇಳಿದ ಮಾತನ್ನು ಆರ್‌ಸಿಐ ಜಾಲತಾಣದ ಪಟ್ಟಿಯ ಜೊತೆ ಹೋಲಿಸಿ ನೋಡಿ. ಆ ಪಟ್ಟಿಯಲ್ಲಿ ಸಂಸ್ಥೆ, ಕೋರ್ಸ್, ಮಾನ್ಯತೆ ಎಲ್ಲಿಯವರೆಗೆ ಅನ್ನುವ ಮೂರೂ ಸರಿಹೊಂದಬೇಕು. ಸಂಸ್ಥೆಗೆ ಬೇರೆ ಕೋರ್ಸಿಗೆ ಮಾನ್ಯತೆಯಿದ್ದು, ಅದನ್ನೇ ತೋರಿಸಿ ಈ ಕೋರ್ಸಿಗೂ ಇದೆ ಎನ್ನುವವರಿದ್ದಾರೆ.

ಎರಡನೆಯದು ದೂರ ಶಿಕ್ಷಣ. ಕೆಲಸ ಬಿಡದೆ ಅಂಚೆಯಲ್ಲಿ ಎಂಎ ಸೈಕಾಲಜಿ ಮಾಡುವುದು ಮನೆಯ ಜವಾಬ್ದಾರಿ ಹೊತ್ತವರಿಗೆ, ಅದರಲ್ಲೂ ಮದುವೆಯಾದ ಮೇಲೆ ಓದು ಮುಂದುವರಿಸುವ ಹೆಣ್ಣುಮಕ್ಕಳಿಗೆ, ದೊಡ್ಡ ಆಸರೆಯಾಗಿತ್ತು. 2025ರ ಜುಲೈ–ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರ ಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದೆಂದು ಯುಜಿಸಿ ಹೇಳಿದೆ. ಎನ್‌ಸಿಎಎಚ್‌ಪಿ ವ್ಯಾಪ್ತಿಗೆ ಬರುವ ವಿಷಯ ಎನ್ನುವುದೇ ಕಾರಣ. ಪ್ರಯೋಗವಿಲ್ಲದೆ ಈ ವಿದ್ಯೆ ಬರುವುದಿಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಸಿರುಗುಪ್ಪದಲ್ಲೋ ಹೊಸದುರ್ಗದಲ್ಲೋ ಕೂತವರಿಗೆ ಬದಲಿ ದಾರಿ ತೋರಿಸದೆ ಬಾಗಿಲು ಹಾಕಿದ್ದು ಸರಿಯಲ್ಲ ಎಂದೂ ನನಗನ್ನಿಸುತ್ತದೆ. ಅದೇನೇ ಇರಲಿ, ಈಗಲೂ "ಆನ್‌ಲೈನ್ ಎಂಎ ಸೈಕಾಲಜಿ, ಪ್ರವೇಶ ಆರಂಭ" ಎಂಬ ಜಾಹೀರಾತು ಕಂಡರೆ ದೂರವಿರಿ.

ನರ್ಸಿಂಗ್ ಓದಿದವರಿಗೆ ದಾರಿ ಹೆಚ್ಚು ಸ್ಪಷ್ಟವಾಗಿದೆ: ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಅಥವಾ ಎರಡು ವರ್ಷದ ಎಂಎಸ್‌ಸಿ ಸೈಕಿಯಾಟ್ರಿಕ್ ನರ್ಸಿಂಗ್.

5. ಚಿಕಿತ್ಸಾ ಪದ್ಧತಿಯ ತರಬೇತಿ: ಫೋನ್ ಮಾಡಿ ಕೇಳಬೇಕಾದ್ದು

ಸಿಬಿಟಿ, ಡಿಬಿಟಿ, ಇಎಂಡಿಆರ್, ಫ್ಯಾಮಿಲಿ ಥೆರಪಿ: ಎಲ್ಲವೂ ಮನಸ್ಸಿನ ಚಿಕಿತ್ಸೆಯ ಬೇರೆ ಬೇರೆ ಪದ್ಧತಿಗಳ ಹೆಸರು. ಅಕ್ಷರಗಳ ಈ ಸಂತೆಯಲ್ಲಿ ಒಂದನ್ನು ಆರಿಸಿಕೊಂಡಿರಿ ಅಂತಿಟ್ಟುಕೊಳ್ಳೋಣ. ದುಡ್ಡು ಕಳಿಸುವ ಮೊದಲು ಆಯೋಜಕರಿಗೆ ಫೋನ್ ಹಚ್ಚಿ. ಒಂದು ಬ್ಯಾಚಿಗೆ ಎಷ್ಟು ಜನ? ರೋಲ್ ಪ್ಲೇ, ಅಂದರೆ ಒಬ್ಬರು ರೋಗಿಯಾಗಿ ಇನ್ನೊಬ್ಬರು ಚಿಕಿತ್ಸಕರಾಗಿ ನಟಿಸಿ ಮಾಡುವ ಅಭ್ಯಾಸ, ಎಷ್ಟು ಗಂಟೆ, ಅದನ್ನು ನೋಡಿ ತಿದ್ದುವವರು ಯಾರು? ಕೋರ್ಸ್ ಮುಗಿದ ಮೇಲೆ ಸೂಪರ್‌ವಿಷನ್ (ಏನೆಂದು ಮುಂದಿನ ಭಾಗದಲ್ಲಿ ಹೇಳುತ್ತೇನೆ) ಇದೆಯೇ, ಅದರ ಫೀ ಇದರಲ್ಲೇ ಸೇರಿದೆಯೇ? ಕಲಿಸುವವರು ಈಗಲೂ ರೋಗಿಗಳನ್ನು ನೋಡುತ್ತಾರೆಯೇ? ಯಾರಾದರೂ ಫೇಲ್ ಆದದ್ದಿದೆಯೇ? ಕೊನೆಯ ಪ್ರಶ್ನೆಗೆ ಅವರು ನಕ್ಕುಬಿಟ್ಟರೆ, ಉತ್ತರ ಸಿಕ್ಕಿತು ಅಂದುಕೊಳ್ಳಿ.

ಈ ಪ್ರಶ್ನೆಗಳನ್ನು ನಾನು ಕಲಿತದ್ದು ಹದಿನೆಂಟು ಸಾವಿರ ರೂಪಾಯಿ ಕಳೆದುಕೊಂಡು. ಹೋಟೆಲೊಂದರ ಹಾಲ್, ಎರಡು ದಿನ, ಅರವತ್ತು ಜನ, ನನ್ನ ಪಾಲಿಗೆ ಬಂದ ರೋಲ್ ಪ್ಲೇ ಹನ್ನೆರಡು ನಿಮಿಷ. ಊಟ ಮಾತ್ರ ಚೆನ್ನಾಗಿತ್ತು.

ಎಚ್ಚರ ವಹಿಸಬೇಕಾದ ಕೆಲವು ಮಾತುಗಳಿವೆ. "ಅಂತಾರಾಷ್ಟ್ರೀಯ ಮಾನ್ಯತೆ" ಅಂದರೆ, ಯಾವ ದೇಶದ ಯಾವ ಸಂಸ್ಥೆಯದು, ಆ ಸಂಸ್ಥೆ ತನ್ನ ಜಾಲತಾಣದಲ್ಲಿ ಈ ತರಬೇತುದಾರರ ಹೆಸರು ಹಾಕಿದೆಯೇ ಎಂದು ನೀವೇ ನೋಡಿ. "ಆರ್‌ಸಿಐ ಅನುಮೋದಿತ" ಎಂದರೆ ಬಹುಮಟ್ಟಿಗೆ ಸಿಆರ್‌ಇ ಕಾರ್ಯಕ್ರಮ ಎಂದರ್ಥ: ಈಗಾಗಲೇ ನೋಂದಣಿಯಾದವರು ನೋಂದಣಿ ನವೀಕರಿಸಿಕೊಳ್ಳಲು ಬೇಕಾದ ಅಂಕ ಗಳಿಸುವ ನಿರಂತರ ಶಿಕ್ಷಣ. ನಿಮಗೆ ಸಿಆರ್‌ಆರ್ ನಂಬರ್ ಇಲ್ಲದಿದ್ದರೆ ಆ ಅಂಕಗಳಿಂದ ಪ್ರಯೋಜನವಿಲ್ಲ, ಅದರಿಂದ ಲೈಸೆನ್ಸೂ ಬರುವುದಿಲ್ಲ. ಇನ್ನು, ಕಲಿಸುವವರೇ "ನೀವು ನನ್ನ ಹತ್ತಿರವೇ ಥೆರಪಿ ತಗೊಳ್ಳಬೇಕು, ಅದಕ್ಕೆ ಬೇರೆ ಫೀ" ಅಂದರೆ ಅಲ್ಲಿಂದ ಎದ್ದು ಬನ್ನಿ. ಗುರು, ಪರೀಕ್ಷಕ, ಚಿಕಿತ್ಸಕ ಮೂರೂ ಒಬ್ಬರೇ ಆಗಬಾರದು.

ಇಎಂಡಿಆರ್ ಬಗ್ಗೆ ಒಂದು ಮಾತು. ಕಣ್ಣಿನ ಚಲನೆಯ ಜೊತೆ ಆಘಾತದ ನೆನಪುಗಳನ್ನು ಕೆದಕಿ ಹದಕ್ಕೆ ತರುವ ಪದ್ಧತಿ ಇದು. ಕೆದಕುವುದು ಸುಲಭ. ಬಂದವರು ಅಲ್ಲೇ ನಡುಗತೊಡಗಿದರೆ ಅವರನ್ನು ಮರಳಿ ನೆಲಕ್ಕೆ ತರುವ ಅನುಭವ ನಿಮಗಿಲ್ಲದಿದ್ದರೆ ಇನ್ನೆರಡು ವರ್ಷ ತಡೆಯಿರಿ.

6. ಸೂಪರ್‌ವಿಷನ್ ಕಟ್ಟಿಕೊಳ್ಳಿ

ಸೂಪರ್‌ವಿಷನ್ ಎಂದರೆ ಆಫೀಸಿನ ಮೇಲ್ವಿಚಾರಣೆಯಲ್ಲ. ನಿಮಗಿಂತ ಅನುಭವವಿರುವವರ ಮುಂದೆ ನಿಮ್ಮ ಕೇಸನ್ನು ಬಿಚ್ಚಿಟ್ಟು, ನೀವು ಮಾಡಿದ್ದನ್ನು ಒರೆಗೆ ಹಚ್ಚುವ ನಿಯಮಿತ ಭೇಟಿ. ಒಬ್ಬರಿಗೇ ಫೀ ಭಾರವಾದರೆ ನಾಲ್ವರು ಸೇರಿ ಹದಿನೈದು ದಿನಕ್ಕೊಮ್ಮೆ ಗುಂಪಿನಲ್ಲಿ ಮಾಡಿಕೊಳ್ಳಿ.

ಹೋಗುವಾಗ ಅರ್ಧ ಪುಟಕ್ಕಿಂತ ಹೆಚ್ಚು ಬರೆದುಕೊಂಡು ಹೋಗಬೇಡಿ. ವಯಸ್ಸು, ಮನೆಯಲ್ಲಿ ಯಾರ್ಯಾರು. ಏನೆಂದು ಬಂದರು, ಅವರದೇ ಮಾತಿನಲ್ಲಿ. ನೀವು ಇಲ್ಲಿಯವರೆಗೆ ಮಾಡಿದ್ದು. ಎಲ್ಲಿ ಸಿಕ್ಕಿಕೊಂಡಿರಿ. ಕೊನೆಯಲ್ಲಿ ಒಂದೇ ಪ್ರಶ್ನೆ. "ಈ ಕೇಸ್ ಬಗ್ಗೆ ಏನು ಹೇಳ್ತೀರಿ ಮೇಡಂ?" ಅನ್ನುವುದು ಪ್ರಶ್ನೆಯಲ್ಲ. "ಮೂರನೇ ಭೇಟಿಯಲ್ಲಿ ಅವರು ಅತ್ತಾಗ ನಾನು ಬೇಗ ಸಮಾಧಾನ ಹೇಳಿಬಿಟ್ಟೆನಾ?" ಅನ್ನುವುದು ಪ್ರಶ್ನೆ.

ಧ್ವನಿಮುದ್ರಣ ಒಯ್ಯುವುದಾದರೆ ಬಂದವರ ಲಿಖಿತ ಒಪ್ಪಿಗೆ ಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಅವರ ಹಕ್ಕೆಂದು ಹೇಳಿದೆ. ಊರು ಚಿಕ್ಕದಾದಷ್ಟೂ ವಿವರ ಹೆಚ್ಚು ಬದಲಿಸಿ. "ಬಸ್ ಸ್ಟ್ಯಾಂಡ್ ಹತ್ತಿರದ ಬಟ್ಟೆ ಅಂಗಡಿಯವರ ಸೊಸೆ" ಅಂದರೆ ಹೆಸರು ಹೇಳಿದ ಹಾಗೇ ಆಯಿತು. ವಾಟ್ಸಾಪ್ ಗುಂಪಿನಲ್ಲಿ ಕೇಸ್ ಚರ್ಚೆ ಬೇಡವೇ ಬೇಡ.

ಸೂಪರ್‌ವೈಸರ್ ಎಲ್ಲಿ ಸಿಗುತ್ತಾರೆ? ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಚೇರಿಯಿಂದ ಶುರು ಮಾಡಿ. ಅಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರ ಹುದ್ದೆಗಳಿರುತ್ತವೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ದೇಶದ ಈ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದು, ಹಾಗಾಗಿ ಕೇಳುವ ಹಕ್ಕು ನಮಗೆ ತುಸು ಹೆಚ್ಚೇ ಇದೆ ಅನ್ನಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಮಂಗಳವಾರವನ್ನು ಗೊತ್ತು ಮಾಡಿದ್ದಾರೆ. ಅನುಮತಿ ಪಡೆದು ನಾಲ್ಕು ಮಂಗಳವಾರ ಮೂಲೆಯಲ್ಲಿ ಕೂತು ನೋಡಿ.

7. ಕಲಿತದ್ದನ್ನು ಕನ್ನಡಕ್ಕೆ ಒಗ್ಗಿಸಿ

ಯಾವ ಕೋರ್ಸೂ ಇದನ್ನು ಮಾಡಿಕೊಡುವುದಿಲ್ಲ. ತರಬೇತಿ ಇಂಗ್ಲಿಷಿನಲ್ಲಿ, ಎದುರಿಗೆ ಕೂತವರು ಕನ್ನಡದಲ್ಲಿ.

ಸಿಬಿಟಿ ಎಂದರೆ ಸುಮಾರಾಗಿ, ಯೋಚನೆಯ ಧಾಟಿ ಬದಲಾದರೆ ಭಾವನೆ, ನಡವಳಿಕೆಯೂ ಬದಲಾಗುತ್ತದೆ ಎಂಬ ತಳಹದಿಯ ಚಿಕಿತ್ಸೆ. ಅದರ ಮೊದಲ ಪಾಠ "ಥಾಟ್ ರೆಕಾರ್ಡ್". ಬೇಜಾರಾದ ಹೊತ್ತಿಗೆ ತಲೆಯಲ್ಲಿ ಏನು ಓಡಿತೆಂದು ಮೂರು ಕಾಲಂನಲ್ಲಿ ಬರೆಸುವುದು. ಹೊಸಬರು ಕೇಳುತ್ತಾರೆ: "ಆಗ ನಿಮಗೆ ಯಾವ ಯೋಚನೆ ಬಂತು?" ಉತ್ತರ: "ಯೋಚನೆ ಏನಿಲ್ಲ ಮೇಡಂ, ಬರೀ ಸಂಕಟ." ಪಾಪ, ಅವರು ಹೇಳಿದ್ದು ಸರಿಯಾಗೇ ಇದೆ. ನಮ್ಮ ಮಾತಿನಲ್ಲಿ ಯೋಚನೆ ಎಂದರೆ ಚಿಂತೆಯೂ ಹೌದು. "ಯೋಚನೆ ಮಾಡಬೇಡ" ಅಂತ ಧೈರ್ಯ ಹೇಳುವುದಿಲ್ಲವೇ? ಧಾರವಾಡದ ಕಡೆ "ವಿಚಾರ ಮಾಡಬ್ಯಾಡ್ರಿ" ಅಂದರೂ ಅದೇ ಅರ್ಥ. ನೀವು ಕೇಳಿದ್ದು ಒಂದು, ಅವರಿಗೆ ಕೇಳಿಸಿದ್ದು "ನಿಮಗೆ ಏನು ಚಿಂತೆ?"

ಬದಲಿಗೆ "ಆ ಹೊತ್ತಿಗೆ ನಿಮ್ಮ ಮನಸ್ಸು ನಿಮಗೆ ಏನಂತು?" ಎಂದು ಕೇಳಿ ನೋಡಿ. "ಏನಂತು ಅಂದ್ರೆ... ಇವರಿಗೆಲ್ಲ ನಾನು ಬೇಡವಾದೆ ಅಂತು." ಕಾಲಂ ತುಂಬಿತು.

ಬೇಜಾರು ಎಂಬ ಪದವನ್ನೂ ನಂಬಬೇಡಿ. ಸಿನಿಮಾ ಬೋರಾದರೂ ಬೇಜಾರು, ಮಗ ತೀರಿಕೊಂಡರೂ ಬೇಜಾರು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ–9 ಪ್ರಶ್ನಾವಳಿಯನ್ನು ಬಳಸುವಾಗ ಒಂಬತ್ತು ಪ್ರಶ್ನೆಗಳನ್ನೂ ನಿಮ್ಮ ಊರಿನ ಇಬ್ಬರು ಹಿರಿಯರ ಮುಂದೆ ಗಟ್ಟಿಯಾಗಿ ಓದಿ, ಅವರಿಗೆ ಏನು ಅರ್ಥವಾಯಿತೆಂದು ಅವರಿಂದಲೇ ಹೇಳಿಸಿ. ಕರಾವಳಿಯ ಮಂಡೆಬಿಸಿ, ಎಲ್ಲ ಕಡೆಯ ಎದೆ ಢವಢವ, ಕೈಕಾಲು ಸೋಲುವುದು, ತಲೆ ಮೇಲೆ ಕಲ್ಲು ಇಟ್ಟ ಹಾಗಾಗುವುದು, ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಒಂದು ವರ್ಷದಲ್ಲಿ ಅದು ನಿಮ್ಮ ಯಾವ ಸರ್ಟಿಫಿಕೇಟಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

8. ಕಾಗದಪತ್ರ

ಪ್ರತಿ ತರಬೇತಿಯ ಪ್ರಮಾಣಪತ್ರದ ಜೊತೆ ಅದರ ಪಠ್ಯವಿವರ, ಗಂಟೆಗಳ ಲೆಕ್ಕ, ಫೀ ರಸೀದಿ ಇಟ್ಟುಕೊಳ್ಳಿ. ನೇರವಾಗಿ ಜನರ ಜೊತೆ ಕಳೆದ ಗಂಟೆ, ಸೂಪರ್‌ವಿಷನ್ ಗಂಟೆ, ಎರಡಕ್ಕೂ ಬೇರೆ ಬೇರೆ ಲಾಗ್‌ಬುಕ್ ಇರಲಿ. ತಿಂಗಳ ಕೊನೆಗೆ ಸೂಪರ್‌ವೈಸರ್ ಸಹಿ ಹಾಕಿಸಿ. ಮೂರು ವರ್ಷ ಆದ ಮೇಲೆ ಒಟ್ಟಿಗೆ ಹಾಕಿಸುತ್ತೇನೆ ಅಂದರೆ ಆಗುವ ಮಾತಲ್ಲ. ಅಷ್ಟರಲ್ಲಿ ಅವರು ವರ್ಗವಾಗಿ ಹೋಗಿರುತ್ತಾರೆ.

ಕೊನೆಯದಾಗಿ ನಿಮ್ಮ ಇನಿಶಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪದವಿ ಪತ್ರದಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಪೂರ್ತಿ, ಮದುವೆಯಾದ ಮೇಲೆ ಪಾನ್‌ನಲ್ಲಿ ಇನ್ನೇನೋ. ಯಾವ ನೋಂದಣಿಗೆ ಹೋದರೂ ಅರ್ಜಿ ಇಲ್ಲೇ ಸಿಕ್ಕಿಕೊಳ್ಳುವುದು. ನಾಲ್ಕೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಂಡೇ ಅರ್ಜಿ ಹಾಕಲು ಕೂರಿ.